ನಿಂತೇ ಸೋತವನು

ತರಗತಿಯಲ್ಲಿ ರನ್ನನ ‘ಗದಾಯುದ್ಧ’ ಪಾಠ ಹೇಳುವ ನನಗೆ ಮುಷ್ಟಿಯುದ್ಧದ ಚರಿತ್ರೆಯೂ ಒಂದು ಚಪಲ. ಹೊಡೆತ ದೊಡ್ಡದೋ, ಅದನ್ನು ತಾಳುವ ಮೈ ದೊಡ್ಡದೋ ಎಂಬ ಹಳೆಯ ಪ್ರಶ್ನೆ ಬಂದಾಗಲೆಲ್ಲ ಕೆನಡಾದ ಹೆವಿವೇಟ್ ಮುಷ್ಟಿಮಲ್ಲ ಜಾರ್ಜ್ ಚುವಾಲೊ ನೆನಪಾಗುತ್ತಾನೆ. ತೊಂಬತ್ತಕ್ಕೂ ಮಿಕ್ಕ ಪಂದ್ಯಗಳಲ್ಲಿ ಆತ ಒಮ್ಮೆಯೂ ನೆಲಕ್ಕೆ ಬೀಳಲಿಲ್ಲ. 1966ರಲ್ಲಿ ಟೊರಾಂಟೊದಲ್ಲಿ ಮಹಮ್ಮದ್ ಅಲಿಯೊಡನೆ ಹದಿನೈದು ಸುತ್ತೂ ಕಾದಾಡಿದ, ಸೋತದ್ದು ನಿಂತೇ.

1970ರ ಆಗಸ್ಟಿನಲ್ಲಿ ನ್ಯೂಯಾರ್ಕಿನಲ್ಲಿ ಅವನಿಗೆ ಎದುರಾದವನು ಇಪ್ಪತ್ತೊಂದು ವರ್ಷದ ಜಾರ್ಜ್ ಫೋರ್ಮನ್. ಮೂರನೆಯ ಸುತ್ತಿನಲ್ಲಿ ಗುದ್ದಿನ ಮೇಲೆ ಗುದ್ದು ಬಿತ್ತು, ಚುವಾಲೊ ಬೀಳಲಿಲ್ಲ. ಕೊನೆಗೆ ರೆಫರಿಯೇ ನಡುವೆ ಬಂದು ಪಂದ್ಯ ನಿಲ್ಲಿಸಿದ. ತಾಳಿಕೆ ಗೆದ್ದಿತೆನ್ನೋಣವೆ? ನಾನು ಒಪ್ಪೆ. ಬಿದ್ದವನಿಗೆ ಹತ್ತು ಎಣಿಸುವಷ್ಟು ಬಿಡುವಾದರೂ ಸಿಕ್ಕೀತು. ಬೀಳದವನಿಗೆ ಅದೂ ಇಲ್ಲ.

ಇದೇ ಫೋರ್ಮನ್ 1973ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಜೋ ಫ್ರೇಜಿಯರನನ್ನು ಎರಡೇ ಸುತ್ತಿನಲ್ಲಿ ಆರು ಸಲ ಕೆಡವಿದ. ಮರುವರ್ಷ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಮೂವತ್ತೆರಡರ ಅಲಿ ಅವನೆದುರು ಉಳಿದ. ಬರಿಯ ಗಟ್ಟಿಮೈಯಿಂದಲ್ಲ. ಹಗ್ಗಕ್ಕೊರಗಿ, ತಲೆಯನ್ನು ಹಿಂದಕ್ಕೆ ಸರಿಸಿ, ಬಹುಪಾಲು ಗುದ್ದುಗಳನ್ನು ತೋಳಿಗೂ ಪಕ್ಕೆಗೂ ಬಿಟ್ಟುಕೊಟ್ಟ. ಹತ್ತಿರ ಬಂದಾಗ ಕತ್ತು ಹಿಡಿದು ಜಗ್ಗಿದ. ಹೊಡೆದು ಹೊಡೆದು ದಣಿದ ಫೋರ್ಮನ್ ಎಂಟನೆಯ ಸುತ್ತಿನಲ್ಲಿ ಉರುಳಿದ.

ಅಷ್ಟು ಜಾಣನಾದ ಅಲಿಯಲ್ಲೂ 1984ರಲ್ಲಿ ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳು ಪತ್ತೆಯಾದವು. ಅದರಲ್ಲಿ ಗುದ್ದುಗಳ ಪಾಲೆಷ್ಟು ಎಂಬುದರಲ್ಲಿ ವೈದ್ಯರಿಗೆ ಒಮ್ಮತವಿಲ್ಲ. ಇದನ್ನು ತಿಳಿದ ಮೇಲೆ, ಚುವಾಲೊನ ಪಂದ್ಯದ ವರದಿಯಲ್ಲಿ ನನ್ನ ಕಣ್ಣು ಮೊದಲು ಹುಡುಕುವುದು ರೆಫರಿ ನಡುವೆ ಬಂದ ಆ ಸಾಲನ್ನು.