ಮೊಬೈಲ್ ಅಡ್-ಹಾಕ್ ಜಾಲದಲ್ಲಿ ದುರುದ್ದೇಶದ ನೋಡ್‌ಗಳ ಪತ್ತೆ

ಟವರ್, ರೂಟರ್‌ನಂಥ ಸ್ಥಿರ ವ್ಯವಸ್ಥೆಯ ಹಂಗಿಲ್ಲದೆ, ಓಡಾಡುವ ರೇಡಿಯೊ ಸಾಧನಗಳು ತಾವೇ ಕೂಡಿ ಕಟ್ಟಿಕೊಳ್ಳುವ ನಿಸ್ತಂತು ಜಾಲಕ್ಕೆ ಮೊಬೈಲ್ ಅಡ್-ಹಾಕ್ ಜಾಲ ಅಥವಾ ಮ್ಯಾನೆಟ್ ಎಂದು ಹೆಸರು. ಅದರಲ್ಲಿನ ಒಂದೊಂದು ಸಾಧನವೂ ಒಂದು ನೋಡ್. ದೂರದ ನೋಡ್‌ಗೆ ಸೇರಬೇಕಾದ ಪ್ಯಾಕೆಟ್ಟನ್ನು, ಅಂದರೆ ಮಾಹಿತಿಯ ತುಣುಕನ್ನು, ನಡುವಿನ ನೋಡ್‌ಗಳು ಒಂದರಿಂದೊಂದಕ್ಕೆ ದಾಟಿಸುತ್ತವೆ. ಅದನ್ನು ಬೇಕೆಂದೇ ನುಂಗುವ, ತಿದ್ದುವ ಅಥವಾ ಸುಳ್ಳು ದಾರಿ ತೋರಿಸುವ ನೋಡ್ ದುರುದ್ದೇಶದ್ದು. ಬ್ಯಾಟರಿ ಮುಗಿದಾಗಲೂ, ಸಂಕೇತಗಳು ಡಿಕ್ಕಿಯಾದಾಗಲೂ, ನೋಡ್ ದೂರ ಸರಿದಾಗಲೂ ಪ್ಯಾಕೆಟ್ ಕಳೆದುಹೋಗುತ್ತದೆ. ಹೊರಗಿನಿಂದ ನೋಡುವವರಿಗೆ ಇವೆಲ್ಲ ಒಂದೇ ಬಗೆಯಾಗಿ ಕಾಣುತ್ತವೆ. ಆಕಸ್ಮಿಕವನ್ನೂ ಕೇಡನ್ನೂ ಬೇರ್ಪಡಿಸುವುದೇ ಈ ಪತ್ತೆಯ ನಿಜವಾದ ಕಷ್ಟ.

ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 1973ರಲ್ಲಿ ಕೈಗೆತ್ತಿಕೊಂಡ ಪ್ಯಾಕೆಟ್ ರೇಡಿಯೊ ಜಾಲ ಮ್ಯಾನೆಟ್‌ನ ಪೂರ್ವಜ. ಮುಂದೆ ಇಂಟರ್ನೆಟ್ ಎಂಜಿನಿಯರಿಂಗ್ ಕಾರ್ಯಪಡೆಯ ಮ್ಯಾನೆಟ್ ತಂಡದಲ್ಲಿ ರೂಪುಗೊಂಡ ಎಒಡಿವಿ ಎಂಬ ರೂಟಿಂಗ್ (ದಾರಿ ಹುಡುಕುವ) ಪ್ರೊಟೊಕಾಲ್ 2003ರ ಜುಲೈನಲ್ಲಿ ಆರ್‌ಎಫ್‌ಸಿ 3561 ಎಂಬ ದಸ್ತಾವೇಜಾಗಿ ಪ್ರಕಟವಾಯಿತು. ತಾನು ಯಾವುದೇ ವಿಶೇಷ ಭದ್ರತಾ ಕ್ರಮವನ್ನು ನಿಗದಿಪಡಿಸಿಲ್ಲವೆಂದು ಆ ದಸ್ತಾವೇಜೇ ಹೇಳುತ್ತದೆ. ಎಒಡಿವಿಯಲ್ಲಿ ದಾರಿ ಬೇಕಾದ ನೋಡ್ ಸುತ್ತಲೂ ವಿಚಾರಣೆ ಹರಡುತ್ತದೆ. ದಾರಿ ಬಲ್ಲ ನೋಡ್ ಉತ್ತರಿಸುತ್ತದೆ. ಉತ್ತರದ ಜೊತೆ ಬರುವ ಅನುಕ್ರಮ ಸಂಖ್ಯೆ ದೊಡ್ಡದಾದಷ್ಟೂ ದಾರಿ ಹೊಸದೆಂದು ಲೆಕ್ಕ. ಬ್ಲ್ಯಾಕ್ ಹೋಲ್ ದಾಳಿ ನಡೆಯುವುದು ಈ ನಂಬಿಕೆಯ ಮೇಲೆಯೇ. ಗುರಿಯ ಸುಳಿವೇ ಇಲ್ಲದ ನೋಡ್ ಭಾರಿ ಅನುಕ್ರಮ ಸಂಖ್ಯೆ ಹಾಕಿ ಎಲ್ಲರಿಗಿಂತ ಮೊದಲು ಉತ್ತರಿಸಿ, ತನ್ನತ್ತ ಹರಿದು ಬಂದ ಪ್ಯಾಕೆಟ್‌ಗಳನ್ನು ನುಂಗಿಬಿಡುತ್ತದೆ. ಸಂಖ್ಯೆಯಲ್ಲಿನ ಅಸಹಜ ಜಿಗಿತವನ್ನು ಗಮನಿಸಿ ಇದನ್ನು ಹಿಡಿಯಬಹುದು. ಆದರೆ ಸಂಖ್ಯೆಯನ್ನು ಸ್ವಲ್ಪವೇ ಏರಿಸುವ, ಕೆಲವನ್ನು ದಾಟಿಸಿ ಕೆಲವನ್ನಷ್ಟೇ ನುಂಗುವ ಗ್ರೇ ಹೋಲ್ ನೋಡ್ ಈ ಜರಡಿಯಲ್ಲಿ ಸಿಗುವುದಿಲ್ಲ.

ನಡತೆಯನ್ನೇ ಕಾವಲು ಕಾಯುವ ವಿಧಾನಕ್ಕೆ ಬುನಾದಿ ಹಾಕಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸರ್ಜಿಯೊ ಮಾರ್ಟಿ ಮತ್ತು ಸಂಗಡಿಗರು. 2000ದಲ್ಲಿ ಅವರು ಮಂಡಿಸಿದ ವಾಚ್‌ಡಾಗ್ ತಂತ್ರ ಇಂದಿಗೂ ಈ ಕ್ಷೇತ್ರದ ಅಳತೆಗೋಲು. ರೇಡಿಯೊ ಅಲೆ ಎಲ್ಲ ದಿಕ್ಕಿಗೂ ಹರಡುವುದರಿಂದ, ಎ ಕೊಟ್ಟ ಪ್ಯಾಕೆಟ್ಟನ್ನು ಬಿ ಮುಂದಿನ ಸಿ ನೋಡ್‌ಗೆ ಕಳಿಸುವಾಗ ಅದು ಎ ನೋಡ್‌ಗೂ ಕೇಳಿಸುತ್ತದೆ. ಎ ಒಂದು ಪ್ರತಿ ಇಟ್ಟುಕೊಂಡು ಕೇಳಿದ್ದರ ಜೊತೆ ಹೋಲಿಸುತ್ತದೆ. ನಿಗದಿತ ಸಮಯದೊಳಗೆ ಕೇಳಿಸದಿದ್ದರೆ ಬಿ ಲೆಕ್ಕದಲ್ಲಿ ಒಂದು ತಪ್ಪು ಸೇರುತ್ತದೆ. ತಪ್ಪುಗಳು ಮಿತಿ ಮೀರಿದರೆ ಮೂಲ ನೋಡ್‌ಗೆ ಸುದ್ದಿ ಹೋಗುತ್ತದೆ. ಇದರ ಜೊತೆಗಾರ ಪಾಥ್‌ರೇಟರ್ ಅಂಥ ನೋಡ್‌ಗಳನ್ನು ತಪ್ಪಿಸಿ ದಾರಿ ಆರಿಸುತ್ತದೆ. ನೋಡ್‌ಗಳಲ್ಲಿ ಶೇ 40ರಷ್ಟು ಕೆಟ್ಟವಾಗಿದ್ದ ಸಿಮ್ಯುಲೇಶನ್‌ನಲ್ಲಿ, ಚಲನೆ ಮಧ್ಯಮವಾಗಿದ್ದಾಗ ಜಾಲದ ಸಾಗಣೆ ಶೇ 17ರಷ್ಟು ಹೆಚ್ಚಿತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ರೂಟಿಂಗ್‌ಗಾಗಿ ಆಗುವ ಹೆಚ್ಚುವರಿ ಪ್ರಸಾರ ಶೇ 9ರಿಂದ 17ಕ್ಕೆ ಏರಿತು.

ಆ ಪ್ರಬಂಧದ ಹಿರಿಮೆ ಈ ಅಂಕಿಗಳಿಗಿಂತ ಅದು ತನ್ನ ಮಿತಿಗಳನ್ನು ಬಿಡಿಸಿಟ್ಟ ಪ್ರಾಮಾಣಿಕತೆಯಲ್ಲಿದೆ. ಎ ಬಳಿಯೇ ಸಂಕೇತಗಳು ಡಿಕ್ಕಿಯಾದರೆ ಬಿ ಮಾಡಿದ ಪ್ರಸಾರ ಅದಕ್ಕೆ ಕೇಳಿಸದು. ಸಿ ಬಳಿ ಡಿಕ್ಕಿಯಾದರೆ ಪ್ಯಾಕೆಟ್ ಕಳೆದದ್ದು ಎ ಅರಿವಿಗೇ ಬಾರದು. ಎ ಹತ್ತಿರವಿದ್ದು ಸಿ ದೂರವಿದ್ದರೆ, ಬಿ ತನ್ನ ಪ್ರಸಾರದ ಶಕ್ತಿಯನ್ನು ತಗ್ಗಿಸಿ ಕಾವಲುಗಾರನಿಗೆ ಮಾತ್ರ ಕೇಳುವಂತೆ ಮಾಡಿ, ದಾಟಿಸಿದಂತೆ ನಟಿಸಬಹುದು. ಬಿ ಮತ್ತು ಸಿ ಒಳಗೊಳಗೇ ಕೈಜೋಡಿಸಿರಬಹುದು. ಕಾವಲಿನ ನೋಡೇ ಸುಳ್ಳು ದೂರು ಕೊಡಬಹುದು. ಮುಂದಿನ ವರ್ಷಗಳ ಸಂಶೋಧನೆಯಲ್ಲಿ ಬಹುಪಾಲು ಈ ಪಟ್ಟಿಗೆ ಕೊಟ್ಟ ಉತ್ತರವೇ.

2007ರ ಟುಆಕ್ ವಿಧಾನ ಕೇಳಿಸಿಕೊಳ್ಳುವುದನ್ನೇ ಬಿಟ್ಟು, ಎರಡು ಹೆಜ್ಜೆ ಆಚೆಯ ನೋಡ್‌ನಿಂದ ಸ್ವೀಕೃತಿ ತರಿಸಿಕೊಳ್ಳುತ್ತದೆ. ಹೊರೆ ತಗ್ಗಿಸಲು ಎಲ್ಲ ಪ್ಯಾಕೆಟ್‌ಗಳ ಬದಲು ಒಂದು ಪಾಲಿಗಷ್ಟೇ ಸ್ವೀಕೃತಿ. ಸ್ವೀಕೃತಿಯನ್ನೇ ನಕಲಿ ಮಾಡುವುದನ್ನು ತಡೆಯಲು 2013ರ ಇಎಆಕ್ ಡಿಜಿಟಲ್ ಸಹಿ ಸೇರಿಸಿತು. ಬುಚೆಗರ್ ಮತ್ತು ಲ ಬುಡೆಕ್ 2002ರಲ್ಲಿ ರೂಪಿಸಿದ ಕಾನ್ಫಿಡಂಟ್ ವ್ಯವಸ್ಥೆಯಲ್ಲಿ ನೋಡ್‌ಗಳು ಪರಸ್ಪರ ಎಚ್ಚರಿಕೆ ಹಂಚಿಕೊಳ್ಳುತ್ತವೆ. ಚಾಡಿಯ ಅಪಾಯ ಇಲ್ಲಿಯೇ ಹೆಚ್ಚು. ಅದೇ ವರ್ಷದ ಕೋರ್ ವ್ಯವಸ್ಥೆ ಒಳ್ಳೆಯ ವರದಿಗಳನ್ನಷ್ಟೇ ಹರಡಲು ಬಿಟ್ಟು ನಿಂದೆಗೆ ಬಾಗಿಲು ಮುಚ್ಚಿತು.

ವರ್ಮ್‌ಹೋಲ್ ದಾಳಿ ಇನ್ನೊಂದೇ ಜಾತಿ. ದೂರದಲ್ಲಿರುವ ಎರಡು ಕೇಡಿ ನೋಡ್‌ಗಳು ಗುಪ್ತ ಸಂಪರ್ಕವಿಟ್ಟುಕೊಂಡು, ಒಂದೆಡೆ ಕೇಳಿದ ಪ್ಯಾಕೆಟ್ಟನ್ನು ಇನ್ನೊಂದೆಡೆ ಹಾಗೆಯೇ ಪ್ರಸಾರ ಮಾಡುತ್ತವೆ. ಯಾವುದನ್ನೂ ತಿದ್ದದ ಕಾರಣ ಗೂಢಲಿಪಿಯೊಂದರಿಂದಲೇ ಇದನ್ನು ತಡೆಯಲಾಗದು. ಹು, ಪೆರಿಗ್, ಜಾನ್ಸನ್ 2003ರಲ್ಲಿ ಪ್ರಕಟಿಸಿದ ಪ್ಯಾಕೆಟ್ ಲೀಶ್ ವಿಧಾನ ಭೌತಶಾಸ್ತ್ರದ ಮೊರೆಹೋಯಿತು: ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ ಸುಮಾರು 300 ಮೀಟರ್ ಮಾತ್ರ ಸಾಗುವುದರಿಂದ, ಕಳಿಸಿದ ಸಮಯ ಪ್ಯಾಕೆಟ್ಟಿನಲ್ಲಿದ್ದರೆ ಅದು ಎಷ್ಟು ದೂರದಿಂದ ಬಂದಿರಲು ಸಾಧ್ಯವೆಂದು ಲೆಕ್ಕಹಾಕಬಹುದು. ಇದಕ್ಕೆ ನೋಡ್‌ಗಳ ಗಡಿಯಾರಗಳು ಅತಿ ನಿಖರವಾಗಿ ಹೊಂದಿಕೊಂಡಿರಬೇಕು.

ಯಂತ್ರ ಕಲಿಕೆ ಬಳಸುವ ಈಚಿನ ವಿಧಾನಗಳು ಶೇಕಡಾವಾರು ನಿಖರತೆಯನ್ನು ಮುಂದಿಡುತ್ತವೆ. ಆದರೆ ಅನೇಕ ಪರೀಕ್ಷೆಗಳು ನಡೆದಿರುವುದು ಸಿಮ್ಯುಲೇಟರ್‌ಗಳಲ್ಲಿ. ವಿಪತ್ತಿನ ನೆಲದಲ್ಲಿ ರಕ್ಷಣಾ ತಂಡ ಇಂಥ ಜಾಲವನ್ನು ನೆಚ್ಚಿರುವಾಗ, ನಿರಪರಾಧಿ ನೋಡ್ ಹೊರಬಿದ್ದರೆ ಅದರಾಚೆಯ ಜನರ ಸಂಪರ್ಕವೇ ಕಡಿಯಬಹುದು. ಆದ್ದರಿಂದ ಯಾವುದೇ ವಿಧಾನದಲ್ಲಿ ಮೊದಲು ಕೇಳಬೇಕಾದದ್ದು ತಪ್ಪು ಆರೋಪಗಳ ಪ್ರಮಾಣ.

ಸಿಕ್ಕಿಬಿದ್ದ ನೋಡ್ ಹೊಸ ಹೆಸರಿನಲ್ಲಿ ಮರಳಿದರೆ, ಅಥವಾ ಹತ್ತಾರು ಹೆಸರುಗಳಲ್ಲಿ ಕಾಣಿಸಿಕೊಂಡರೆ ಈ ಎಲ್ಲ ಲೆಕ್ಕ ವ್ಯರ್ಥ. ಈ ಸಿಬಿಲ್ ದಾಳಿಯನ್ನು ಗುರುತು ಖಚಿತಪಡಿಸುವ ಕೇಂದ್ರೀಯ ವ್ಯವಸ್ಥೆಯಿಲ್ಲದೆ ವಾಸ್ತವದಲ್ಲಿ ತಡೆಯಲಾಗದೆಂದು ಜಾನ್ ಡೂಸರ್ 2002ರಲ್ಲಿ ತೋರಿಸಿದರು. ಮ್ಯಾನೆಟ್‌ಗೆ ಅಂಥ ಕೇಂದ್ರವೇ ಇಲ್ಲ. ಅದಕ್ಕೊಂದು ದಾರಿಯನ್ನು ಝೋ ಮತ್ತು ಹಾಸ್ 1999ರಲ್ಲೇ ಸೂಚಿಸಿದ್ದರು: ಪ್ರಮಾಣಪತ್ರಕ್ಕೆ ಸಹಿ ಹಾಕುವ ಕೀಲಿಯನ್ನು ಹಲವು ನೋಡ್‌ಗಳಿಗೆ ಹಂಚಿಟ್ಟು, ಅವುಗಳಲ್ಲಿ ನಿಗದಿತ ಸಂಖ್ಯೆಯವು ಕೂಡಿದಾಗ ಮಾತ್ರ ಗುರುತು ಕೊಡುವುದು.