ಮನೆಯೇ ಮೊದಲ ಸ್ಟುಡಿಯೊ

ಭಾರತದ ಮೊದಲ ಕಥಾಚಿತ್ರವೆಂದು ಹೆಸರಾದ ‘ರಾಜಾ ಹರಿಶ್ಚಂದ್ರ’ 1913ರ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಅದನ್ನು ತಯಾರಿಸಿದ ದಾದಾಸಾಹೇಬ ಫಾಲ್ಕೆ ‘ಭಾರತೀಯ ಚಿತ್ರರಂಗದ ಪಿತಾಮಹ’ ಎಂದೇ ಪ್ರಸಿದ್ಧರು. ಆದರೆ ಈ ಉದ್ಯಮಕ್ಕೆ ಮೊದಲು ಬಂಡವಾಳ ಒದಗಿದ್ದು ಬ್ಯಾಂಕಿನಿಂದಲ್ಲ, ಒಂದು ಸಂಸಾರದಿಂದ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ.

ಧುಂಡಿರಾಜ ಗೋವಿಂದ ಫಾಲ್ಕೆ ಹುಟ್ಟಿದ್ದು 1870ರಲ್ಲಿ, ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲೂ ಬಡೋದೆಯ ಕಲಾಭವನದಲ್ಲೂ ಕಲಿತು, ಗೋಧ್ರಾದಲ್ಲಿ ಛಾಯಾಗ್ರಾಹಕರಾದರು. ಅಲ್ಲಿ ಪ್ಲೇಗಿಗೆ ಮೊದಲ ಪತ್ನಿಯನ್ನೂ ಮಗುವನ್ನೂ ಕಳೆದುಕೊಂಡರು. 1902ರಲ್ಲಿ ಸರಸ್ವತಿಬಾಯಿಯನ್ನು ಮದುವೆಯಾದರು. ಪುರಾತತ್ವ ಇಲಾಖೆಯ ನೌಕರಿ ಬಿಟ್ಟು ಮುದ್ರಣಾಲಯ ಆರಂಭಿಸಿದರು. ಪಾಲುದಾರರೊಡನೆ ಹೊಂದಿಕೆಯಾಗದೆ ಅದರಿಂದಲೂ ಹೊರಬಂದಾಗ ಅವರಿಗೆ ನಲವತ್ತು ದಾಟಿತ್ತು.

ಆ ಹೊತ್ತಿನಲ್ಲಿ ಅವರು ಕಂಡದ್ದು ಏಸುಕ್ರಿಸ್ತನ ಜೀವನವನ್ನು ಕುರಿತ ಒಂದು ಮೂಕಿಚಿತ್ರ. ರಾಮ, ಕೃಷ್ಣರನ್ನೂ ಹೀಗೆ ತೆರೆಯ ಮೇಲೆ ತರಬೇಕೆಂಬ ಹಂಬಲ ಹತ್ತಿತು. ಬಿಡುವಿಲ್ಲದೆ ಚಿತ್ರ ನೋಡಿ, ಪ್ರಯೋಗ ನಡೆಸಿ ಕೆಲಕಾಲ ದೃಷ್ಟಿಯೇ ಮಂಜಾಯಿತು. ಚೇತರಿಸಿಕೊಂಡವರು ವಿಮಾ ಪಾಲಿಸಿ ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋದರು. ಚಿತ್ರ ತಯಾರಿಕೆಯ ವಿಧಾನ ನೋಡಿ ಕಲಿತು, ವಿಲಿಯಮ್‌ಸನ್ ಕ್ಯಾಮೆರಾ ಮತ್ತಿತರ ಸಲಕರಣೆಗಳಿಗೆ ಬೇಡಿಕೆ ಸಲ್ಲಿಸಿ ಬಂದರು. ಹಣ ಹೂಡುವವರಿಗೆ ನಂಬಿಕೆ ಹುಟ್ಟಬೇಕಲ್ಲ! ಕುಂಡದಲ್ಲಿ ಬಟಾಣಿ ಬೀಜ ಬಿತ್ತಿ, ಮೊಳಕೆ ಬಳ್ಳಿಯಾಗುವ ಪರಿಯನ್ನು ದಿನದಿನವೂ ಸೆರೆಹಿಡಿದು ತೋರಿಸಿದರು. ಸಾಲವೇನೋ ಹುಟ್ಟಿತು. ಸರಸ್ವತಿಬಾಯಿಯ ಒಡವೆಗಳೂ ಅಡಮಾನಕ್ಕೆ ಹೋದವು.

ದಾದರಿನ ಮನೆಯೇ ಸ್ಟುಡಿಯೊ ಆಯಿತು. ಆಗ ಬರುತ್ತಿದ್ದ ಕಚ್ಚಾ ಫಿಲ್ಮಿನ ಅಂಚಿನಲ್ಲಿ ರಂಧ್ರಗಳಿರುತ್ತಿರಲಿಲ್ಲ. ಕತ್ತಲಲ್ಲಿ ಕುಳಿತು ಒಂದೊಂದಾಗಿ ಕೊರೆಯಬೇಕಿತ್ತು. ಆ ಕೆಲಸವನ್ನೂ ಫಿಲ್ಮು ಸಂಸ್ಕರಿಸುವುದನ್ನೂ ಸರಸ್ವತಿಬಾಯಿ ಕಲಿತರು. ಚಿತ್ರೀಕರಣದ ವೇಳೆ ಬಿಸಿಲನ್ನು ಪ್ರತಿಫಲಿಸಲು ಬಿಳಿ ಬಟ್ಟೆ ಹಿಡಿದು ನಿಂತರು. ತಂಡಕ್ಕೆಲ್ಲ ಅಡುಗೆ ಮಾಡಿ ಬಡಿಸಿದವರೂ ಅವರೇ. ರಾಣಿಯ ಪಾತ್ರಕ್ಕೆ ಹೆಂಗಸರು ಯಾರೂ ಸಿಗಲಿಲ್ಲ. ಕೊನೆಗೆ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಸೀರೆ ಉಟ್ಟರು. ರಾಜಕುಮಾರನಾದವನು ಫಾಲ್ಕೆಯವರ ಮಗ ಭಾಲಚಂದ್ರ.

ರಾಘವಾಂಕನ ಕಾವ್ಯದಿಂದ ಕನ್ನಡಿಗರಿಗೆ ಹರಿಶ್ಚಂದ್ರನ ಕಥೆ ಚಿರಪರಿಚಿತ. ಅಲ್ಲಿ ಚಂದ್ರಮತಿ, ಲೋಹಿತಾಶ್ವ. ಫಾಲ್ಕೆಯವರ ಚಿತ್ರದಲ್ಲಿ ತಾರಾಮತಿ, ರೋಹಿತಾಶ್ವ. ಕೊಟ್ಟ ಮಾತಿಗಾಗಿ ಹೆಂಡತಿ ಮಗನನ್ನು ಮಾರಿದ ರಾಜನ ಕಥೆಯನ್ನು, ತನ್ನ ಹಟಕ್ಕಾಗಿ ಸಂಸಾರವನ್ನೇ ಪಣಕ್ಕೊಡ್ಡಿದ ಗೃಹಸ್ಥ ಚಿತ್ರವಾಗಿಸಿದ್ದು ಕಾಕತಾಳೀಯವಿರಬಹುದು. ಆದರೆ ಚಂದ್ರಮತಿಗೆ ಕಾವ್ಯದಲ್ಲಿ ದಕ್ಕಿದ ಸ್ಥಾನ ಸರಸ್ವತಿಬಾಯಿಗೆ ಚರಿತ್ರೆಯಲ್ಲಿ ಬಹುಕಾಲ ದಕ್ಕಲಿಲ್ಲ.

ಚಿತ್ರ ಗೆದ್ದಿತು. 1917ರಲ್ಲಿ ‘ಲಂಕಾ ದಹನ’ ಬಂತು. ಮರುವರ್ಷ ಹಣವಂತ ಪಾಲುದಾರರೊಡನೆ ಹಿಂದುಸ್ತಾನ್ ಫಿಲ್ಮ್ ಕಂಪನಿ ಆರಂಭವಾಯಿತು. ಮನೆಮಂದಿ ಸಂಬಳ ಕೇಳದೆ ದುಡಿದಿದ್ದರು. ಪಾಲುದಾರರು ಖರ್ಚುವೆಚ್ಚದ ಲೆಕ್ಕ ಕೇಳಿದರು. ಮನಸ್ತಾಪ ಬೆಳೆದು ಫಾಲ್ಕೆ ಕೆಲಕಾಲ ಕಂಪನಿ ತೊರೆದು ಕಾಶಿಗೆ ಹೋದರು. ಮರಳಿ ಬಂದು ಚಿತ್ರ ನಿರ್ದೇಶಿಸಿದರೂ ಹಿಂದಿನ ವೈಭವ ಮರಳಲಿಲ್ಲ. 1931ರಲ್ಲಿ ಟಾಕಿ ಬಂದಿತು. 1937ರ ‘ಗಂಗಾವತರಣ’ವೇ ಅವರ ಕೊನೆಯ ಚಿತ್ರ. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ನಿಧನರಾದರು. ಕೇಂದ್ರ ಸರ್ಕಾರ ಅವರ ಹೆಸರಿನ ಪ್ರಶಸ್ತಿಯನ್ನು 1969ರಲ್ಲಿ ಸ್ಥಾಪಿಸಿತು.

ಅವರ ಚಿತ್ರಗಳಲ್ಲಿ ಉಳಿದಿರುವುದು ಅಲ್ಪ. ಹಾಗೆ ಉಳಿದವುಗಳಲ್ಲಿ 1919ರ ‘ಕಾಳೀಯ ಮರ್ದನ’ವೂ ಒಂದು. ಅದರ ಆರಂಭದಲ್ಲಿ ಪುಟ್ಟ ಹುಡುಗಿಯೊಬ್ಬಳ ಮುಖ ತೆರೆಯ ತುಂಬ ಕಾಣಿಸಿಕೊಂಡು, ಒಂದೊಂದೇ ಭಾವ ತೋರಿ, ನಿಧಾನವಾಗಿ ಬಾಲಕೃಷ್ಣನಾಗಿ ಬದಲಾಗುತ್ತದೆ. ಆ ಹುಡುಗಿ ಫಾಲ್ಕೆ ದಂಪತಿಯ ಮಗಳು ಮಂದಾಕಿನಿ. ಆ ಮನೆಯವರ ದುಡಿಮೆಗೆ ಇಂದಿಗೂ ಕಣ್ಣಿಗೆ ಕಾಣುವ ಸಾಕ್ಷಿ ಅದು.