ಕಟ್ಟಿದ ಮೂಗು, ಕಂಬಳಿಯ ದೂಳು

ಮೂಗು ಕಟ್ಟಿತೆಂದರೆ ಚಳ್ಳಕೆರೆ ಸೀಮೆಯಲ್ಲೂ ಮೊದಲ ದೂರು ಶೀತದ ಮೇಲೆಯೇ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಕಾಣುವ ತಾಲ್ಲೂಕುಗಳಲ್ಲಿ ಒಂದಾದ ಈ ಒಣನೆಲದಲ್ಲಿ ಆ ದೂರನ್ನು ಹಾಗೆಯೇ ಒಪ್ಪುವುದು ಕಷ್ಟ. ಇಲ್ಲಿ ಮೂಗಿನ ಚರಿತ್ರೆ ಬಹುಮಟ್ಟಿಗೆ ಕಸುಬುಗಳ ಚರಿತ್ರೆ ಎಂಬುದು ನನ್ನ ವಾದ. ಕಂಬಳಿಯನ್ನೇ ನೋಡಿ. ಹಿಂದೆ ಉಳ್ಳಾರ್ತಿ, ವರವು ಕಾವಲುಗಳಂಥ ಹುಲ್ಲುಗಾವಲುಗಳಲ್ಲಿ, ಈಗ ಉಳಿದ ಬಯಲುಗಳಲ್ಲಿ ಮೇಯ್ದು ಬಂದ ಕುರಿಯ ತುಪ್ಪಟದಲ್ಲಿ ಮಣ್ಣು, ಹಿಕ್ಕೆಯ ಪುಡಿ, ಹುಲ್ಲಿನ ಮುಳ್ಳು ಸೇರಿಕೊಂಡಿರುತ್ತವೆ. ಅದನ್ನು ಕೈಯಿಂದ ಹಿಂಜಿ ಬಿಲ್ಲಿನ ಹೆದೆಗೆ ಕೊಟ್ಟು ಮಿಡಿದರೆ ಎಳೆ ಬಿಡಿಬಿಡಿಯಾಗುತ್ತದೆ, ಒಳಗಿದ್ದುದೆಲ್ಲ ಗಾಳಿಗೇರುತ್ತದೆ. ಮುಂದೆ ಮಗ್ಗದ ಹಾಸಿಗೆ, ಅಂದರೆ ಉದ್ದದ ಎಳೆಗಳಿಗೆ, ಹುಣಸೆಬೀಜದ ಸರಿ ಬಿದ್ದಮೇಲೆ ಎಳೆ ಅಂಟಿ ಬಿಗಿಯಾಗುತ್ತದೆ. ಹಾಗಾಗಿ ದೂಳಿನ ಹೊರೆ ಹೆಚ್ಚು ಬೀಳುವುದು ಕುಣಿಮಗ್ಗದಲ್ಲಿ ಕೂತವರ ಮೇಲಲ್ಲ, ಹಿಂಜುವವರ ಮೇಲೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಪ್ರಕಟಿಸಿದ ಕಸುಬುಗಳ ಕಾಯಿಲೆಯ ಗ್ರಂಥದಲ್ಲಿ ಸೆಣಬು, ಅಗಸೆನಾರು ಬಾಚುವವರ ಉಸಿರಿನ ತೊಂದರೆಗೆ ದೂಳನ್ನೇ ಹೊಣೆ ಮಾಡಿದ್ದ. ರೋಗಿಯನ್ನು ನಿನ್ನ ಕಸುಬೇನು ಎಂದು ಕೇಳಬೇಕೆಂದು ವೈದ್ಯರಿಗೆ ಹೇಳಿಕೊಟ್ಟವನೂ ಅವನೇ.

ದೂಳಾದರೆ ಸೀನಿದರೆ ಹೋಗಬೇಕಲ್ಲ ಎಂಬ ಆಕ್ಷೇಪ ಸಹಜ. ಆದರೆ ಮೂಗು ಕಟ್ಟುವುದು ಸಿಂಬಳದಿಂದ ಮಾತ್ರವಲ್ಲ. ಮೂಗಿನೊಳಗಿನ ಗೋಡೆಗಳಲ್ಲಿ ರಕ್ತನಾಳ ತುಂಬಿದ ಮಡಿಕೆಗಳಿವೆ. ದೂಳು ಕೆಣಕಿದಾಗ ಅವು ಊದಿ ದಾರಿಯನ್ನು ಕಿರಿದಾಗಿಸುತ್ತವೆ. ಎಷ್ಟು ಸಿಂಬಳ ತೆಗೆದರೂ ಉಸಿರು ಸಲೀಸಾಗದಿರುವುದು ಅದಕ್ಕೇ. ಮಲಗಿದಾಗ ತಲೆಯ ಕಡೆ ರಕ್ತ ಹೆಚ್ಚಿ ಊತ ಇನ್ನಷ್ಟಾಗುತ್ತದೆ. ರಾತ್ರಿಯ ಚಳಿಗೆ ಅಂಟಿಸಿದ ತಪ್ಪಿನಲ್ಲಿ ಒಂದು ಪಾಲು ಇದರದ್ದು. ನೆಗಡಿಯ ವೈರಸ್ಸು ಎಲ್ಲರಿಗೂ ಹತ್ತುತ್ತದೆ, ನಿಜ. ಆದರೆ ಅದು ಸಾಮಾನ್ಯವಾಗಿ ವಾರ, ಹತ್ತು ದಿನಗಳಲ್ಲಿ ಇಳಿಯುತ್ತದೆ. ಕೆಲಸಕ್ಕೆ ಕೂತಾಗ ಬಂದು, ಕೆಲಸ ಬಿಟ್ಟಾಗ ಸಡಿಲವಾಗುವ ಕಟ್ಟಿಗೆ ಬೇರೆ ಕಾರಣವೇ ಬೇಕು.

ಗೊಂದಲ ಗಟ್ಟಿಯಾದದ್ದು ಶೇಂಗಾದಿಂದ. ಚಳ್ಳಕೆರೆಯನ್ನು ಎಣ್ಣೆನಗರ ಮಾಡಿದ ಈ ಬೆಳೆ ಕಿತ್ತು, ಒಣಗಿಸಿ, ಮಿಲ್ಲಿಗೆ ಬಂದು ಸಿಪ್ಪೆ ಬಿಡಿಸಿಕೊಳ್ಳುವುದು ಚಳಿ ಶುರುವಾಗುವ ತಿಂಗಳುಗಳಲ್ಲಿ. ಸಿಪ್ಪೆಯ ಪುಡಿ, ಬೂಷ್ಟು ಹಿಡಿದ ಕಾಯಿಯ ಕಣಗಳು, ತಣ್ಣನೆಯ ಗಾಳಿ ಮೂರೂ ಒಟ್ಟಿಗೆ ಬಂದಾಗ ಎಲ್ಲರ ಮೈಗೂ ತಾಕುವ ಗಾಳಿಯೇ ಅಪರಾಧಿಯಾಯಿತು. ಕಾಂಗ್ರೆಸ್ ಗಿಡದ ಪರಾಗವನ್ನೇ ದೂರುವವರೂ ಇದ್ದಾರೆ. ಆ ಪರಾಗ ಮೂಗು ಕಟ್ಟಿಸುವುದು ಸುಳ್ಳಲ್ಲ. ಆದರೆ ಪಾರ್ಥೇನಿಯಂ ಎಂಬ ಈ ಗಿಡ ಭಾರತದಲ್ಲಿ ಹಬ್ಬತೊಡಗಿದ್ದು 1950ರ ದಶಕದಲ್ಲಿ. ಕಂಬಳಿಯ ಬಿಲ್ಲು ಅದಕ್ಕಿಂತ ಎಷ್ಟೋ ತಲೆಮಾರು ಹಳೆಯದು.